ಬೇಲಿ ಕಿತ್ತ ರಾತ್ರಿಯಿಂದ ಟ್ರಸ್ಟಿನ ಗೇಟಿನವರೆಗೆ

ಗೋಮಾಳ ಎಂದರೇನು ಎಂದು ನಿಮಗೆ ವಿವರಿಸಬೇಕಿಲ್ಲ. ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಲೆಕ್ಕದಲ್ಲಿ ಊರ ದನಗಳಿಗೆ ಜಾಗ ಮೀಸಲಿಡಬೇಕು ಎಂದು ನಮ್ಮ ಭೂಕಂದಾಯ ನಿಯಮಗಳಲ್ಲೇ ಇದೆ. ಆ ಲೆಕ್ಕದಷ್ಟು ಜಾಗ ನಿಮ್ಮೂರಲ್ಲಿ ಉಳಿದಿದೆಯೇ ಎಂಬುದು ಬೇರೆ ಮಾತು. ಆದರೆ ಇಂಗ್ಲೆಂಡಿನಲ್ಲೂ ಗೋಮಾಳಗಳಿದ್ದವು, ಅಲ್ಲೂ ದೊಡ್ಡವರು ಬೇಲಿ ಹಾಕಿದರು, ಅಲ್ಲೂ ಜನ ರಾತ್ರೋರಾತ್ರಿ ಬೇಲಿ ಕಿತ್ತರು ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಪರಿಸರ ಉಳಿಸುವ ಟ್ರಸ್ಟುಗಳು ಜಮೀನು ಕೊಂಡು ಕಾಪಾಡುವ ಪದ್ಧತಿಯ ಬೇರು ಹುಡುಕುತ್ತ ಹೋದರೆ ನಾವು ಆ ಬೇಲಿಗಳ ಹತ್ತಿರವೇ ಬಂದು ನಿಲ್ಲುತ್ತೇವೆ. ಈಗ ಅಂಥ ಟ್ರಸ್ಟುಗಳ ಜಮೀನಿಗೆ ಯಾರು ಒಳಗೆ ಹೋಗಬಹುದು, ಯಾರು ಹೋಗಬಾರದು ಎಂಬ ಜಗಳ ಪ್ರಪಂಚದ ತುಂಬ ಇದೆ. ಜಗಳ ಎಲ್ಲಿಂದ ಶುರುವಾಯಿತು ಎಂದು ತಿಳಿದರೆ ಅದು ಅರ್ಥವಾಗುವುದು ಸುಲಭ.

ಇಂಗ್ಲೆಂಡಿನ ಊರೊಟ್ಟಿನ ಜಾಗಕ್ಕೆ ಕಾಮನ್ ಎಂದು ಹೆಸರು. ಒಂದು ಮುಖ್ಯ ವ್ಯತ್ಯಾಸವಿದೆ, ಅದನ್ನು ಇಲ್ಲೇ ಹೇಳಿಬಿಡೋಣ. ನಮ್ಮ ಗೋಮಾಳ ಸರ್ಕಾರದ್ದು. ಅವರ ಕಾಮನ್‌ಗೆ ಒಬ್ಬ ಜಮೀನ್ದಾರ ಮಾಲೀಕನಿರುತ್ತಿದ್ದ. ಮಣ್ಣು ಅವನದು, ಅದರ ಮೇಲಿನ ಬಳಕೆ ಊರವರದು. ದನ ಕುರಿ ಮೇಯಿಸುವ ಹಕ್ಕು, ಒಲೆಗೆ ಸೌದೆ ತರುವ ಹಕ್ಕು, ಓಕ್ ಮರದಡಿ ಬಿದ್ದ ಕಾಯಿ ತಿನ್ನಲು ಹಂದಿ ಬಿಡುವ ಹಕ್ಕು, ಜವುಗಿನಿಂದ ಉರಿಸುವ ಕಪ್ಪು ಮಣ್ಣನ್ನು ಅಗೆದು ತರುವ ಹಕ್ಕು, ಹೀಗೆ ಒಂದೊಂದಕ್ಕೂ ಒಂದೊಂದು ಹೆಸರಿತ್ತು. ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟದ ಮೇಲೆ ಹಕ್ಕಿರುವ ಹಾಗೆ.

ಈ ಹಕ್ಕುಗಳನ್ನು ಅಳಿಸಲು ಅಲ್ಲಿ ಯಾರೂ ಕಳ್ಳತನ ಮಾಡಬೇಕಾಗಿರಲಿಲ್ಲ. ಸಂಸತ್ತೇ ಕಾನೂನು ಮಾಡಿಕೊಡುತ್ತಿತ್ತು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾನೂನುಗಳು ಪಾಸಾದವು. ಬೇಲಿಯೊಳಗೆ ಹೋದ ಜಮೀನು ಸುಮಾರು 68 ಲಕ್ಷ ಎಕರೆ. ಇಂಗ್ಲೆಂಡಿನ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಸಂಸತ್ತಿನಲ್ಲಿ ಕುಳಿತವರಲ್ಲಿ ಬಹುಪಾಲು ಜಮೀನ್ದಾರರೇ ಇದ್ದರು ಎಂಬುದನ್ನು ನೆನಪಿಟ್ಟರೆ ಲೆಕ್ಕ ಸರಿಹೋಗುತ್ತದೆ.

1860ರ ಹೊತ್ತಿಗೆ ಲಂಡನ್ ಸುತ್ತಮುತ್ತ ಉಳಿದಿದ್ದ ಕಾಮನ್‌ಗಳ ಮೇಲೂ ಕಣ್ಣು ಬಿತ್ತು. ರೈಲು ಬಂದಿತ್ತು, ಸೈಟುಗಳಿಗೆ ಬೆಲೆ ಬಂದಿತ್ತು. ಬೆಂಗಳೂರಿನ ಸುತ್ತಿನ ಹಳ್ಳಿಗಳವರಿಗೆ ಈ ಕಥೆ ಗೊತ್ತು. 1865ರಲ್ಲಿ ಕೆಲವರು ಸೇರಿ ಕಾಮನ್ಸ್ ಪ್ರಿಸರ್ವೇಶನ್ ಸೊಸೈಟಿ ಕಟ್ಟಿದರು. ಗೋಮಾಳ ಉಳಿಸಿ ಸಂಘ ಎಂದುಕೊಳ್ಳಿ. ಮುಂದಾಳು ಜಾರ್ಜ್ ಶಾ ಲೆಫೆವರ್ ಎಂಬ ಸಂಸದ.

ಮಾರನೇ ವರ್ಷವೇ ಪರೀಕ್ಷೆ ಬಂತು. ಲಂಡನ್ನಿನ ವಾಯವ್ಯಕ್ಕೆ ಬರ್ಕಮ್‌ಸ್ಟೆಡ್ ಎಂಬ ಊರು. ಅಲ್ಲಿನ ಕಾಮನ್‌ನಲ್ಲಿ ನಾನೂರಕ್ಕೂ ಹೆಚ್ಚು ಎಕರೆಗೆ ಲಾರ್ಡ್ ಬ್ರೌನ್‌ಲೋ ಎಂಬ ಜಮೀನ್ದಾರ ಕಬ್ಬಿಣದ ಬೇಲಿ ಹಾಕಿಸಿದ. ಊರ ಬಡವರು ಏನು ಮಾಡಿಯಾರು? ಕೋರ್ಟಿಗೆ ಹೋಗಲು ದುಡ್ಡಿಲ್ಲ. ಆದರೆ ಅಲ್ಲಿ ಹಕ್ಕು ಹೊಂದಿದ್ದವರಲ್ಲಿ ಅಗಸ್ಟಸ್ ಸ್ಮಿತ್ ಎಂಬ ಹಣವಂತನೂ ಇದ್ದ. ತಮಾಷೆ ಎಂದರೆ ಆತನೂ ದೊಡ್ಡ ಜಮೀನ್ದಾರನೇ. ಸಿಲ್ಲಿ ದ್ವೀಪಗಳೆಂಬ ದ್ವೀಪಗುಚ್ಛವೇ ಅವನ ಆಡಳಿತದಲ್ಲಿತ್ತು.

1866ರ ಮಾರ್ಚ್ 6ರ ರಾತ್ರಿ ಲಂಡನ್ನಿನಿಂದ ವಿಶೇಷ ರೈಲೊಂದು ಹೊರಟಿತು. ಒಳಗೆ ಸುಮಾರು 120 ಜನ ಕೂಲಿಗಳು, ರೈಲು ಹಳಿಗೆ ಮಣ್ಣು ಹೊರುವ ಗಟ್ಟಿಗರು, ಕೈಯಲ್ಲಿ ಸುತ್ತಿಗೆ, ಹಾರೆ. ನಡುರಾತ್ರಿ ಕಳೆದ ಮೇಲೆ ಟ್ರಿಂಗ್ ನಿಲ್ದಾಣದಲ್ಲಿ ಇಳಿದು, ಕತ್ತಲಲ್ಲಿ ನಡೆದು, ಬೆಳಗಾಗುವಷ್ಟರಲ್ಲಿ ಬೇಲಿಯನ್ನೆಲ್ಲ ಬಿಚ್ಚಿದರು. ಮುರಿದು ಚೆಲ್ಲಲಿಲ್ಲ. ಕಂಬಿಗಳನ್ನು ಅಚ್ಚುಕಟ್ಟಾಗಿ ಪೇರಿಸಿಟ್ಟರು. ಆಸ್ತಿ ಹಾಳು ಮಾಡಿದರೆಂದು ಕೇಸು ಬೀಳಬಾರದಲ್ಲ! ಬೆಳಿಗ್ಗೆ ಊರ ಜನ ಗಾಡಿ ಕಟ್ಟಿಕೊಂಡು, ನಡೆದುಕೊಂಡು ಬಂದು ನೋಡಿದರು. ಬ್ರೌನ್‌ಲೋ ಕೇಸು ಹಾಕಿದ, ಸ್ಮಿತ್ ತಿರುಗಿ ಕೇಸು ಹಾಕಿದ. ಅದು ಮುಗಿಯುವ ಮೊದಲೇ ಬ್ರೌನ್‌ಲೋ ತೀರಿಕೊಂಡ. 1870ರಲ್ಲಿ ಕೋರ್ಟು ಸ್ಮಿತ್ ಪರ ತೀರ್ಪು ಕೊಟ್ಟಿತು.

ಇದನ್ನು ಓದುವಾಗ ನಮಗೆ 1987ರ ಕುಸನೂರು ನೆನಪಾಗದೆ ಇರಲಿಲ್ಲ. ಆಗಿನ ಧಾರವಾಡ ಜಿಲ್ಲೆಯ ಆ ಊರಿನಲ್ಲಿ ನವೆಂಬರ್ 14ರಂದು ಜನ ಸೇರಿ ಊರ ಬಳಕೆಯ ಜಮೀನಿನಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅದು. ಕಾರ್ಖಾನೆಗೆ ಮರ ಒದಗಿಸುವ ಸಲುವಾಗಿ ಸರ್ಕಾರವೇ ಪಾಲುದಾರನಾಗಿ ಕಟ್ಟಿದ್ದ ಆ ಕಂಪನಿಯನ್ನು 1991ರಲ್ಲಿ ಮುಚ್ಚಬೇಕಾಯಿತು. ದೇಶ ಬೇರೆ, ಕಾಲ ಬೇರೆ. ಕಿತ್ತವರು ಅಲ್ಲಿ ಕೂಲಿಗೆ ಬಂದವರು, ಇಲ್ಲಿ ಊರವರೇ. ಆದರೂ ಕೇಳಿದ ಪ್ರಶ್ನೆ ಒಂದೇ.

ಬರ್ಕಮ್‌ಸ್ಟೆಡ್ ಗೆದ್ದ ಕಥೆ. ಗೆದ್ದೂ ಸೋತ ಕಥೆ ಎಪಿಂಗ್ ಕಾಡಿನದು. ನಮ್ಮ ಪ್ರಕಾರ ಇಡೀ ಚರಿತ್ರೆಯಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಜಾಗ ಇದೇ.

ಎಪಿಂಗ್ ಲಂಡನ್ನಿನ ಈಶಾನ್ಯಕ್ಕಿರುವ ಕಾಡು. ಅದರ ಅಂಚಿನ ಲೌಟನ್ ಊರಿನವರಿಗೆ ಚಳಿಗಾಲದಲ್ಲಿ ಮರದ ರೆಂಬೆ ಸವರುವ ಹಕ್ಕಿತ್ತು. ಬುಡ ಕಡಿಯುವ ಹಾಗಿಲ್ಲ, ತಲೆಯೆತ್ತರದ ಮೇಲಿನ ರೆಂಬೆ ಮಾತ್ರ. ನವೆಂಬರ್ 11ರ ನಡುರಾತ್ರಿ ಮೊದಲ ಕೊಡಲಿ ಬೀಳಬೇಕು, ಇಲ್ಲವಾದರೆ ಹಕ್ಕು ಹೋಗುತ್ತದೆ ಎಂಬ ನಂಬಿಕೆ ಊರಲ್ಲಿತ್ತು. ಜಮೀನ್ದಾರ ಕಾಡಿಗೆ ಬೇಲಿ ಹಾಕಿದ ಮೇಲೂ ಥಾಮಸ್ ವಿಲ್ಲಿಂಗೇಲ್ ಎಂಬ ಸೌದೆ ಕಡಿಯುವ ಮುದುಕ ಒಳಗೆ ಹೋಗಿ ರೆಂಬೆ ಸವರಿದ. ಅವನ ಮನೆಯ ಹುಡುಗರು 1866ರಲ್ಲಿ ಜೈಲಿಗೆ ಹೋದರು. ಗೋಮಾಳ ಉಳಿಸುವ ಸಂಘದವರು ಅವನ ಬೆನ್ನಿಗೆ ನಿಂತು ಕೇಸು ನಡೆಸಿದರು. 1870ರಲ್ಲಿ ವಿಲ್ಲಿಂಗೇಲ್ ಸತ್ತ. ಅವನ ಕೇಸೂ ಅವನೊಂದಿಗೆ ಸತ್ತಿತು.

ಆಮೇಲೆ ಬಂದದ್ದು ಲಂಡನ್ ನಗರಾಡಳಿತ. ಅದು ಸ್ಮಶಾನಕ್ಕೆಂದು ಕಾಡಂಚಿನಲ್ಲಿ ಒಂದು ಜಮೀನು ಕೊಂಡಿತ್ತು. ಆ ಜಮೀನಿನ ಜೊತೆಗೆ ಕಾಡಿನಲ್ಲಿ ದನ ಮೇಯಿಸುವ ಹಕ್ಕೂ ಬಂದಿತ್ತು! ಸಂಘದ ವಕೀಲ ರಾಬರ್ಟ್ ಹಂಟರ್ ಆ ಎಳೆ ಹಿಡಿದು ಕೆಲಸ ಮಾಡಿದ. ನಗರಾಡಳಿತವೇ ದನಗಾಹಿಯ ಸ್ಥಾನದಲ್ಲಿ ನಿಂತು ಕೋರ್ಟಿಗೆ ಹೋಯಿತು, 1874ರಲ್ಲಿ ಗೆದ್ದಿತು. 1878ರ ಕಾನೂನಿನಂತೆ ಕಾಡು ಜನರ ವಿಹಾರಕ್ಕೆ ಶಾಶ್ವತವಾಗಿ ತೆರೆದುಕೊಂಡಿತು. 1882ರಲ್ಲಿ ವಿಕ್ಟೋರಿಯಾ ರಾಣಿ ಬಂದು ಅದನ್ನು ಜನತೆಗೆ ಅರ್ಪಿಸಿದಳು.

ಆದರೆ ರೆಂಬೆ ಸವರುವ ಹಕ್ಕು? ಅದನ್ನು ತೆಗೆದುಹಾಕಿದರು. ವಿಹಾರಕ್ಕೆ ಬಂದವರ ಕಣ್ಣಿಗೆ ಬೋಳು ಮರ ಚೆನ್ನಾಗಿ ಕಾಣುವುದಿಲ್ಲ. ಪರಿಹಾರವೆಂದು 7,000 ಪೌಂಡ್ ಕೊಟ್ಟರು. ಆ ದುಡ್ಡಿನಲ್ಲಿ ಲೌಟನ್ನಿನಲ್ಲಿ ಒಂದು ಸಮುದಾಯ ಭವನ ಕಟ್ಟಿದರು. ರೆಂಬೆ ಸವರುವವರ ಹೆಸರಿನಲ್ಲೇ ಲಾಪಿಂಗ್ ಹಾಲ್ ಎಂದು ಕರೆದರು. ಅದು ಇವತ್ತಿಗೂ ಇದೆ. ಕಾಡಿಗಾಗಿ ಜೈಲಿಗೆ ಹೋದ ಮನೆಯವರಿಗೆ ಉಳಿದದ್ದು ಒಂದು ಭವನ, ಸಿಕ್ಕದೇ ಹೋದದ್ದು ಒಲೆಗೆ ಸೌದೆ. ಭಾನುವಾರ ತಿರುಗಾಡಲು ಬರುವ ಪೇಟೆಯವರಿಗೆ ಬಾಗಿಲು ತೆರೆಯಿತು, ಕಾಡಿನಿಂದ ಬದುಕುತ್ತಿದ್ದವರಿಗೆ ಮುಚ್ಚಿತು. ಜನರ ಪ್ರವೇಶ ಎಂದು ಯಾರಾದರೂ ಹೇಳಿದಾಗ ಯಾವ ಜನ, ಯಾತಕ್ಕೆ ಪ್ರವೇಶ ಎಂದು ಕೇಳಿಕೊಳ್ಳುವುದನ್ನು ನಮಗೆ ಕಲಿಸಿದ್ದು ಈ ಎಪಿಂಗ್ ಕಾಡು.

ಇನ್ನೊಂದು ಸಂಗತಿಯೂ ಇದೆ. ಸವರುವುದು ನಿಂತ ಮೇಲೆ ಮರಗಳ ತಲೆ ಭಾರವಾಗಿ ಬೆಳೆಯಿತು, ನೆರಳು ದಟ್ಟವಾಯಿತು, ಬಿಸಿಲು ಬೇಡುವ ಗಿಡಗಳು ಅಡಿಯಲ್ಲಿ ಕಡಿಮೆಯಾದವು. ನೂರಕ್ಕೂ ಹೆಚ್ಚು ವರ್ಷದ ನಂತರ ಈಗ ಅದೇ ಆಡಳಿತ ಸಂಬಳ ಕೊಟ್ಟು ಕೆಲವು ಮರಗಳ ರೆಂಬೆ ಸವರಿಸುತ್ತಿದೆ. ವಿಲ್ಲಿಂಗೇಲ್ ಅದನ್ನು ಪುಕ್ಕಟೆ ಮಾಡುತ್ತಿದ್ದ.

ಹಂಟರ್‌ಗೆ ಇಷ್ಟು ಕೇಸುಗಳಿಂದ ಒಂದು ಕೊರತೆ ಅರ್ಥವಾಗಿತ್ತು. ಸಂಘ ಬೇರೆಯವರ ಹಕ್ಕಿನ ಮೇಲೆ ಕೇಸು ನಡೆಸಬಹುದು, ಸ್ವಂತಕ್ಕೆ ಒಂದು ಗುಂಟೆ ಜಮೀನು ಇಟ್ಟುಕೊಳ್ಳುವಂತಿಲ್ಲ. ಯಾರಾದರೂ ಪುಣ್ಯಾತ್ಮರು ಜಾಗ ದಾನ ಕೊಡುತ್ತೇವೆಂದರೂ ತೆಗೆದುಕೊಳ್ಳುವವರಿಲ್ಲ. ಜನರ ಪರವಾಗಿ ಜಮೀನು ಹೊಂದುವ ಒಂದು ಸಂಸ್ಥೆ ಬೇಕು ಎಂದು 1884ರಲ್ಲಿ ಅವನು ಭಾಷಣ ಮಾಡಿದ. ಅದು ಕೈಗೂಡಲು ಹನ್ನೊಂದು ವರ್ಷ ಹಿಡಿಯಿತು.

1895ರ ಜನವರಿ 12ರಂದು ನ್ಯಾಷನಲ್ ಟ್ರಸ್ಟ್ ನೋಂದಣಿಯಾಯಿತು. ಕಟ್ಟಿದವರು ಮೂವರು. ಹಂಟರ್ ಆಗ ಅಂಚೆ ಇಲಾಖೆಯ ವಕೀಲ. ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಪಾದ್ರಿ ಕೆರೆಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟ್‌ನವನು. ಮೂರನೆಯವಳು ಆಕ್ಟೇವಿಯಾ ಹಿಲ್. ಆಕೆ ಲಂಡನ್ನಿನ ಬಡವರ ಬಾಡಿಗೆ ಮನೆಗಳನ್ನು ನೋಡಿಕೊಳ್ಳುತ್ತಿದ್ದಳು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಇರುವುದನ್ನು ದಿನಾ ಕಂಡವಳು. ಮಕ್ಕಳಿಗೆ ಆಡಲು ಜಾಗವಿಲ್ಲ, ಮುದುಕರಿಗೆ ಕೂರಲು ಕಟ್ಟೆಯಿಲ್ಲ. 1875ರಲ್ಲಿ ಸ್ವಿಸ್ ಕಾಟೇಜ್ ಎಂಬಲ್ಲಿನ ಹೊಲಗಳನ್ನು ಕೊಂಡು ಉಳಿಸಲು ಚಂದಾ ಎತ್ತಿದಳು, ಆಗಲಿಲ್ಲ, ಅಲ್ಲಿ ಮನೆಗಳೆದ್ದವು. ಆಕೆಗೆ ಬಯಲು ಜಾಗ ಎಂಬುದು ಅಂದಚಂದದ ಮಾತಾಗಿರಲಿಲ್ಲ, ಉಸಿರಾಟದ ಮಾತಾಗಿತ್ತು.

ಟ್ರಸ್ಟಿಗೆ ಬಂದ ಮೊದಲ ಜಾಗ ವೇಲ್ಸ್‌ನ ಬಾರ್ಮತ್ ಊರಿನ ಮೇಲಿನ ಗುಡ್ಡ, ಸುಮಾರು ನಾಲ್ಕೂವರೆ ಎಕರೆ. ಫ್ಯಾನಿ ಟಾಲ್ಬಟ್ ಎಂಬಾಕೆ ದಾನ ಕೊಟ್ಟಳು. 1902ರಲ್ಲಿ ಡರ್ವೆಂಟ್‌ವಾಟರ್ ಕೆರೆಯ ದಂಡೆಯ 108 ಎಕರೆಯನ್ನು 6,500 ಪೌಂಡ್‌ಗೆ ಕೊಳ್ಳಲು ಊರೂರಲ್ಲಿ ಚಂದಾ ಎತ್ತಿದರು. ಕಾರ್ಖಾನೆ ಕೂಲಿಗಳೂ ತಮ್ಮ ಕೈಲಾದಷ್ಟು ಕಳಿಸಿದರು. ಐದು ತಿಂಗಳಲ್ಲಿ ಹಣ ಕೂಡಿತು.

1907ರ ಕಾನೂನು ಈ ಟ್ರಸ್ಟಿಗೆ ಬೇರೆ ಯಾರಿಗೂ ಇಲ್ಲದ ಒಂದು ಬಲ ಕೊಟ್ಟಿತು. ಟ್ರಸ್ಟು ಯಾವ ಜಾಗವನ್ನು ಶಾಶ್ವತ ಎಂದು ಘೋಷಿಸುತ್ತದೋ ಅದನ್ನು ಮುಂದೆ ತಾನೇ ಮನಸ್ಸು ಮಾಡಿದರೂ ಮಾರುವಂತಿಲ್ಲ. ಅದರ ಒಡೆತನದ ಕಾಮನ್‌ಗಳಿಗೆ ಬೇಲಿ ಹಾಕದೆ ಜನರಿಗೆ ತೆರೆದಿಡಬೇಕು ಎಂಬ ಹೊಣೆಯೂ ಅದೇ ಕಾನೂನಿನಲ್ಲಿ ಬಂತು. ಬೇಲಿ ಕಿತ್ತ ಬರ್ಕಮ್‌ಸ್ಟೆಡ್ ಕಾಮನ್‌ನ ಒಂದು ಭಾಗವೂ 1926ರಲ್ಲಿ ಟ್ರಸ್ಟಿಗೆ ಸೇರಿತು.

ಟ್ರಸ್ಟು ಬೆಳೆದ ಹಾಗೆ ದಾರಿಯೂ ಸ್ವಲ್ಪ ಬದಲಾಯಿತು. 1930ರ ದಶಕದಲ್ಲಿ ತೆರಿಗೆ ಕಟ್ಟಲಾಗದೆ ದೊಡ್ಡ ಬಂಗಲೆಗಳ ಒಡೆಯರು ಕಂಗಾಲಾಗಿದ್ದರು. ಲಾರ್ಡ್ ಲೋಥಿಯನ್ ಎಂಬವನ ಸಲಹೆಯಂತೆ 1937ರ ಕಾನೂನು ಬಂತು: ಬಂಗಲೆಯನ್ನು ಟ್ರಸ್ಟಿಗೆ ಬರೆದುಕೊಡಿ, ತೆರಿಗೆ ಉಳಿಯುತ್ತದೆ, ನಿಮ್ಮ ಮನೆತನ ಅಲ್ಲೇ ಇರಬಹುದು, ಜನರಿಗೆ ಕೆಲವು ದಿನ ಬಾಗಿಲು ತೆರೆದರೆ ಸಾಕು. ಬಡವರ ಉಸಿರಿಗಾಗಿ ಹುಟ್ಟಿದ ಸಂಸ್ಥೆ ಜಮೀನ್ದಾರರ ಆಸರೆಯೂ ಆಯಿತು. ಆ ಬಂಗಲೆಗಳನ್ನು ನೋಡಲು ಇವತ್ತು ಟಿಕೆಟ್ಟು ಬೇಕು. ಬಯಲು, ಗುಡ್ಡ, ಕಡಲತೀರಕ್ಕೆ ಟಿಕೆಟ್ಟಿಲ್ಲ, ಗಾಡಿ ನಿಲ್ಲಿಸಲು ದುಡ್ಡು ಕೊಡಬೇಕಾದೀತು.

ಇತ್ತ ಟ್ರಸ್ಟಿನ ಕೈಗೆ ಬಾರದ ಬೆಟ್ಟಗಳಲ್ಲಿ ಕಾವಲು ಇನ್ನಷ್ಟು ಬಿಗಿಯಾಗಿತ್ತು. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಎಂಬ ಎರಡು ಕಾರ್ಖಾನೆ ಊರುಗಳ ನಡುವೆ ಕಿಂಡರ್ ಸ್ಕೌಟ್ ಎಂಬ ಬೋಳು ಬೆಟ್ಟವಿದೆ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಅದನ್ನೂ ಬೇಲಿಯೊಳಗೆ ಹಂಚಿಕೊಂಡಿದ್ದರು. ವರ್ಷದಲ್ಲಿ ಕೆಲವೇ ದಿನ ಸಾಹುಕಾರರು ಬಂದು ಗ್ರೌಸ್ ಎಂಬ ಹಕ್ಕಿಯ ಬೇಟೆಯಾಡುತ್ತಿದ್ದರು. ಉಳಿದ ದಿನವೆಲ್ಲ ದೊಣ್ಣೆ ಹಿಡಿದ ಕಾವಲುಗಾರರು.

1932ರ ಏಪ್ರಿಲ್ 24, ಭಾನುವಾರ. ಸುಮಾರು 400 ಜನ ಹೇಫೀಲ್ಡ್ ಊರಿನ ಕಲ್ಲುಕ್ವಾರಿಯಲ್ಲಿ ಸೇರಿದರು. ಹೆಚ್ಚಿನವರು ಕಾರ್ಖಾನೆಯ ಹುಡುಗರು, ಹುಡುಗಿಯರು. ಮುಂದಾಳು ಬೆನ್ನಿ ರಾತ್‌ಮನ್, 20 ವರ್ಷದ ಮೆಕ್ಯಾನಿಕ್. ಹಾಡಿಕೊಂಡು ಬೆಟ್ಟ ಹತ್ತಿದರು. ಕಾವಲುಗಾರರೊಂದಿಗೆ ತಳ್ಳಾಟವಾಯಿತು. ಇಳಿದು ಬಂದಾಗ ಪೊಲೀಸರು ಹಿಡಿದರು. ಬೇರೆಯವರ ಜಮೀನಿಗೆ ಕಾಲಿಡುವುದು ಆಗಲೂ ಅಲ್ಲಿ ಅಪರಾಧವಾಗಿರಲಿಲ್ಲ, ಬರೀ ಸಿವಿಲ್ ವ್ಯಾಜ್ಯ. ಆದ್ದರಿಂದ ಗಲಭೆ, ಹಲ್ಲೆ ಎಂದು ಕೇಸು ಹಾಕಿ ಐವರನ್ನು ಎರಡರಿಂದ ಆರು ತಿಂಗಳವರೆಗೆ ಜೈಲಿಗೆ ಕಳಿಸಿದರು. ರಾತ್‌ಮನ್‌ಗೆ ನಾಲ್ಕು ತಿಂಗಳು. ಜನರಿಗೆ ಸಿಟ್ಟು ಬಂದದ್ದು ಆಗ. ಸುಮ್ಮನೆ ಬಿಟ್ಟಿದ್ದರೆ ಬಹುಶಃ ಎಲ್ಲರೂ ಮರೆಯುತ್ತಿದ್ದರು.

ಕಿಂಡರ್ ಬೆಟ್ಟವನ್ನು 1982ರಲ್ಲಿ ನ್ಯಾಷನಲ್ ಟ್ರಸ್ಟ್ ಕೊಂಡಿತು. 2000ದಲ್ಲಿ ಬಂದ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನ ಗುಡ್ಡ, ಬೋಳುಬೆಟ್ಟ, ಕುರುಚಲು ಬಯಲು ಮತ್ತು ನೋಂದಾಯಿತ ಕಾಮನ್‌ಗಳಲ್ಲಿ ಯಾರು ಬೇಕಾದರೂ ನಡೆದಾಡುವ ಹಕ್ಕು ಕೊಟ್ಟಿತು. ಇಂಗ್ಲೆಂಡಿನಲ್ಲಿ ಅದು ನೆಲದ ಶೇ. 8ರಷ್ಟು ಮಾತ್ರ. ನಡೆಯಬಹುದು ಅಷ್ಟೇ, ಡೇರೆ ಹಾಕುವಂತಿಲ್ಲ. ಮಾರ್ಚ್ 1ರಿಂದ ಜುಲೈ 31ರವರೆಗೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಸಲುವಾಗಿ, ನಾಯಿಯನ್ನು ಎರಡು ಮೀಟರ್ ಹಗ್ಗದಲ್ಲಿ ಹಿಡಿದಿರಬೇಕು. ಕುರಿ ಇರುವ ಕಡೆ ವರ್ಷವಿಡೀ ಹಾಗೆಯೇ. 2002ರಲ್ಲಿ, ಕಿಂಡರ್ ನಡಿಗೆಗೆ 70 ವರ್ಷ ತುಂಬಿದಾಗ, ಆ ಬೆಟ್ಟದ ಒಡೆಯರಲ್ಲಿ ಒಬ್ಬನಾಗಿದ್ದ ಡೆವನ್‌ಶೈರ್ ಡ್ಯೂಕನ ಮೊಮ್ಮಗ ಎಲ್ಲರೆದುರು ಕ್ಷಮೆ ಕೇಳಿದ. ರಾತ್‌ಮನ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದ.

ನೋಂದಾಯಿತ ಎಂಬ ಪದ ಮೇಲೆ ಬಂತಲ್ಲ, ಅದರ ಹಿಂದೆಯೂ ಒಂದು ಕಥೆ ಇದೆ. 1965ರಲ್ಲಿ ಕಾಮನ್‌ಗಳನ್ನೂ ಅವುಗಳ ಮೇಲಿನ ಹಕ್ಕುಗಳನ್ನೂ ದಾಖಲಿಸಲು ಕಾನೂನು ಮಾಡಿದರು. ಅರ್ಜಿ ಹಾಕಲು 1970ರ ಗಡುವು. ಉದ್ದೇಶ ಒಳ್ಳೆಯದೇ. ಆದರೆ ಗಡುವಿನೊಳಗೆ ಬರೆಸದ ಮೇವಿನ ಹಕ್ಕು, ಸೌದೆ ಹಕ್ಕು ಅಲ್ಲಿಗೇ ಮುಗಿಯಿತು. ತಲೆತಲಾಂತರದಿಂದ ಮೇಯಿಸುತ್ತಿದ್ದೆವು ಎಂದರೆ ಕೇಳುವವರಿರಲಿಲ್ಲ. ಬಗರ್‌ಹುಕುಂ ಅರ್ಜಿ, ಅರಣ್ಯ ಹಕ್ಕಿನ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಿಂಡರ್ ಬೆಟ್ಟದ ಮೇಲೆ ಈಗ ಮತ್ತೆ ಬೇಲಿ ಇತಿಹಾಸ ಸೇರಿದೆ. ಬೇಟೆಗೆಂದು ಬೆಂಕಿ ಹಚ್ಚಿ, ಕಾರ್ಖಾನೆ ಹೊಗೆ ಕುಡಿದು, ಕುರಿ ಹೆಚ್ಚು ಮೇಯ್ದು, ಸಾವಿರಾರು ಕಾಲು ತುಳಿದು, ನೀರು ಹಿಡಿದಿಡುವ ಅಲ್ಲಿನ ಕಪ್ಪು ಮಣ್ಣು ಕೊಚ್ಚಿ ಹೋಗುತ್ತಿತ್ತು. ಹುಲ್ಲು ಪಾಚಿ ಮತ್ತೆ ಹಿಡಿಯಲಿ ಎಂದು ಕೆಲ ವರ್ಷಗಳ ಮಟ್ಟಿಗೆ ಬೇಲಿ ಹಾಕಿದ್ದು ಬೇರೆ ಯಾರೂ ಅಲ್ಲ, ಟ್ರಸ್ಟೇ. ಮನುಷ್ಯರು ದಾಟಲು ಮೆಟ್ಟಿಲು, ಗೇಟು ಇಟ್ಟರು. ತಡೆದದ್ದು ಕುರಿಯನ್ನು. ಆದರೂ ಕಿಂಡರ್‌ನಲ್ಲಿ ಬೇಲಿಯೇ ಎಂದು ಹಳಬರು ಗೊಣಗಿದರು. ನಮಗೆ ಅವರ ಗೊಣಗಾಟವೂ ಸರಿ ಅನ್ನಿಸುತ್ತದೆ, ಬೇಲಿಯೂ ಸರಿ ಅನ್ನಿಸುತ್ತದೆ. ಕುರಿ ಸಾಕುವವರು ಮಾತ್ರ ಎರಡೂ ಕಡೆಯ ವಾದದಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಬಳಸುವವರನ್ನು ಹೊರಗಿಟ್ಟರೆ ನೆಲ ತಾನಾಗಿ ಉಳಿಯುತ್ತದೆ ಎಂಬುದೂ ಎಲ್ಲ ಕಡೆ ನಿಜವಲ್ಲ. ಟ್ರಸ್ಟು 1899ರಲ್ಲಿ ಎರಡು ಎಕರೆಯಿಂದ ಕೊಳ್ಳಲು ಶುರುಮಾಡಿದ ವಿಕೆನ್ ಜವುಗು ಕೀಟಗಳಿಗೂ ಗಿಡಗಳಿಗೂ ಹೆಸರಾದದ್ದು. ಊರವರು ಛಾವಣಿಗೆ ಜೊಂಡು ಕೊಯ್ಯುವುದು ಕಡಿಮೆಯಾದಂತೆ ಅಲ್ಲಿ ಪೊದೆ ನುಗ್ಗಿ ಜವುಗನ್ನೇ ಮುಚ್ಚತೊಡಗಿತು. ಮತ್ತೆ ಕೊಯ್ಲು ಶುರುಮಾಡಬೇಕಾಯಿತು. ಊರವರ ಕುಡುಗೋಲೇ ಅಷ್ಟು ಕಾಲ ಆ ಜವುಗನ್ನು ಕಾದಿತ್ತು.

ಇನ್ನೊಂದು ದಾರಿ ಸ್ಕಾಟ್ಲೆಂಡಿನಲ್ಲಿ ಕಾಣುತ್ತದೆ. ಅಲ್ಲಿ 2003ರ ಕಾನೂನು ಮನೆಯಂಗಳ, ಬೆಳೆ ನಿಂತ ಹೊಲದಂಥ ಕೆಲವನ್ನು ಬಿಟ್ಟು ಬಹುತೇಕ ಎಲ್ಲ ನೆಲದಲ್ಲೂ ಜವಾಬ್ದಾರಿಯಿಂದ ಓಡಾಡುವ ಹಕ್ಕು ಕೊಟ್ಟಿದೆ. ಅದಕ್ಕೂ ಮೊದಲೇ, 1997ರಲ್ಲಿ, ಎಗ್ ಎಂಬ ಪುಟ್ಟ ದ್ವೀಪದ ಜನ ತಮ್ಮ ದ್ವೀಪವನ್ನೇ ಕೊಂಡರು. ಆಗ ಅಲ್ಲಿದ್ದವರು ನೂರು ಜನಕ್ಕೂ ಕಡಿಮೆ. ಒಬ್ಬರಾದ ಮೇಲೊಬ್ಬರಂತೆ ಬಂದ ಮಾಲೀಕರ ಮರ್ಜಿಯಲ್ಲಿ ಬದುಕಿ ಸಾಕಾಗಿತ್ತು. ಸಾವಿರಾರು ಮಂದಿಯಿಂದ ಚಂದಾ ಬಂದು ಸುಮಾರು 15 ಲಕ್ಷ ಪೌಂಡ್ ಕೂಡಿತು. ಅಲ್ಲಿಯೂ ಟ್ರಸ್ಟು ಇದೆ, ಆದರೆ ಅದನ್ನು ನಡೆಸುವವರು ದ್ವೀಪದ ನಿವಾಸಿಗಳ ಸಂಘ, ಸ್ಥಳೀಯ ಸರ್ಕಾರ ಮತ್ತು ವನ್ಯಜೀವಿ ಸಂಸ್ಥೆ, ಈ ಮೂವರೂ ಸೇರಿ. ಹಕ್ಕಿ ಲೆಕ್ಕ ಹಾಕುವವರೂ ಕುರಿ ಮೇಯಿಸುವವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಜಗಳವೂ ಆಗುತ್ತದಂತೆ. 2008ರಲ್ಲಿ ಗಾಳಿ, ಬಿಸಿಲು, ಹರಿಯುವ ನೀರಿನಿಂದ ತಾವೇ ಕರೆಂಟು ಮಾಡಿಕೊಂಡು, ಆ ದ್ವೀಪದಲ್ಲಿ ಮೊದಲ ಬಾರಿಗೆ ದಿನದ 24 ಗಂಟೆಯೂ ದೀಪ ಉರಿಯುವಂತೆ ಮಾಡಿದರು.